ಮದರಾಸಿನಲ್ಲೊಂದು ಕನ್ನಡದ ಒಲೆ

ಚೆನ್ನೈಗೆ ಕೆಲಸ ಸಿಕ್ಕಿ ಹೊರಟವರಿಗೆ, ವರ್ಗವಾಗಿ ಹೋಗುವವರಿಗೆ, ಮದುವೆಯಾಗಿ ಅತ್ತ ಹೊರಡುವ ಹೆಣ್ಣುಮಕ್ಕಳಿಗೆ ಊರಿನವರು ಹೇಳುವ ಧೈರ್ಯದ ಮಾತು ಒಂದೇ: ಸೆಕೆಯೊಂದನ್ನು ತಡೆದುಕೊಂಡರೆ ಸಾಕು, ಊಟತಿಂಡಿಯ ಯೋಚನೆಯೇ ಬೇಡ. ಮಾತು ಸುಳ್ಳಲ್ಲ. ಇಡ್ಲಿ, ದೋಸೆ, ವಡೆ, ಫಿಲ್ಟರ್ ಕಾಫಿ ಬೀದಿಬೀದಿಗೂ ಸಿಗುವ ಊರು ಅದು. ಅಕ್ಕಿ, ತೊಗರಿಬೇಳೆ, ತೆಂಗಿನಕಾಯಿ, ಹುಣಸೆಹಣ್ಣು, ಕರಿಬೇವು ಇಲ್ಲದ ಅಂಗಡಿ ಅಲ್ಲಿಲ್ಲ. ಹೀಗಿದ್ದೂ ಅಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಹುಳಿಪುಡಿಯ ಡಬ್ಬಿ, ಬ್ಯಾಡಗಿ ಮೆಣಸಿನಕಾಯಿ, ಕುಚ್ಚಲಕ್ಕಿಯ ಚೀಲ ಊರಿನಿಂದ ಬರುತ್ತಲೇ ಇರುತ್ತವೆ. ಹೋಟೆಲಿನಲ್ಲಿ ವಾರಗಟ್ಟಲೆ ಉಂಡವರು ಮನೆಯ ಊಟಕ್ಕೆ ಹಂಬಲಿಸುತ್ತಾರೆ. ಇಷ್ಟು ಹತ್ತಿರದ, ಇಷ್ಟೊಂದು ಹೋಲುವ ಊರಿನಲ್ಲೂ ಈ ಹಂಬಲ ಯಾಕೆ? ಲಂಡನ್ನಿಗೋ ಲುಧಿಯಾನಕ್ಕೋ ಹೋದವರ ವಿಷಯದಲ್ಲಿ ಉತ್ತರ ಸುಲಭ: ಸಾಮಾನು ಸಿಗುವುದಿಲ್ಲ, ಹವೆ ಬೇರೆ, ತಿನ್ನುವ ಧಾನ್ಯವೇ ಬೇರೆ. ಚೆನ್ನೈಯಲ್ಲಿ ಆ ಉತ್ತರ ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದಲೇ ಪರಊರಿನಲ್ಲಿ ಮನೆ ಎನ್ನುವುದು ಯಾವುದರಿಂದ ಆಗುತ್ತದೆ ಎಂದು ಯೋಚಿಸುವವರಿಗೆ ಚೆನ್ನೈ ಒಳ್ಳೆಯ ಜಾಗ. ನನ್ನ ವಾದ ಇಷ್ಟು: ತಿನಿಸುಗಳು ಊರಿಂದೂರಿಗೆ ಹೋಗುತ್ತವೆ, ಹೋದಲ್ಲಿ ಎಲ್ಲರವೂ ಆಗುತ್ತವೆ. ಮನೆಯನ್ನು ಮನೆಯಾಗಿ ಉಳಿಸುವುದು ದಿನದ ಊಟದ ಕ್ರಮ. ಯಾವುದು ಮೊದಲು, ಯಾವುದು ಆಮೇಲೆ, ಯಾವ ಹವೆಗೆ ಏನು, ಯಾರಿಗೆ ಎಷ್ಟು ಎನ್ನುವ ಲೆಕ್ಕ ಅದು.

ಮೊದಲು ಪ್ರಯಾಣದ ಕತೆ. ಕನ್ನಡಿಗರ ಒಂದು ದೊಡ್ಡ ಭಾಗಕ್ಕೆ ಮದರಾಸು ಪರಊರು ಅನ್ನಿಸಿದ್ದೇ ಇತ್ತೀಚೆಗೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಸೀಮೆ ಮದರಾಸಿನ ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕನ್ನಡ ಮಾತ್ರ 1956ರ ನವೆಂಬರ್ 1ರವರೆಗೂ ಮದರಾಸಿನ ಜಿಲ್ಲೆಯೇ. ಬಳ್ಳಾರಿ 1953ರ ತನಕ, ಕೊಳ್ಳೇಗಾಲ 1956ರ ತನಕ ಅದೇ ರಾಜ್ಯದಲ್ಲಿದ್ದವು. ಎಂದರೆ ಸುಮಾರು ಒಂದು ಶತಮಾನ ಕಾಲ ಕುಂದಾಪುರದ ರೈತನ ಜಮೀನಿನ ವ್ಯಾಜ್ಯ ಕೊನೆಮುಟ್ಟುತ್ತಿದ್ದದ್ದು ಮದರಾಸಿನ ಹೈಕೋರ್ಟಿನಲ್ಲಿ, ಮಂಗಳೂರಿನ ಹುಡುಗನ ಡಿಗ್ರಿಗೆ ಮೊಹರು ಬೀಳುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯದಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಓದಲು ಹೋದದ್ದೂ ಅಲ್ಲಿಗೆ. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಕಡಲ ತಡಿಯಿಂದ ಹೊರಟು, ಪಾಲಕ್ಕಾಡಿನ ಕಣಿವೆ ದಾಟಿ, ಇನ್ನೊಂದು ಕಡಲ ತಡಿಗೆ ಹೋಗುವುದು ಸಾಮಾನ್ಯರಿಗೂ ಸಾಧ್ಯವಾಯಿತು. 1923ರ ದೊಡ್ಡ ನೆರೆ ಜಿಲ್ಲೆಯ ಹೊಲಮನೆಗಳನ್ನು ಕೊಚ್ಚಿಕೊಂಡು ಹೋದಾಗ, ತುತ್ತಿಗೆ ದಾರಿ ಕಾಣದ ಹುಡುಗರು ಮುಂಬಯಿಗೂ ಮದರಾಸಿಗೂ ಹೋಗಿ ಹೋಟೆಲಿನ ಒಲೆಯ ಮುಂದೆ ನಿಂತರು. ಉಡುಪಿ ಹೋಟೆಲು ಎಂಬ ದೊಡ್ಡ ಹೆಸರಿನ ಹಿಂದೆ ಇಂಥ ಬಡತನವೂ ಇದೆ.

ಆ ಸಾಲಿನಲ್ಲಿ ಮದರಾಸು ಮರೆಯಲಾರದ ಹೆಸರು ಕಡಂದಲೆಯ ಕೆ. ಕೃಷ್ಣ ರಾಯರದು. 1920ರ ದಶಕದಲ್ಲಿ ಅಲ್ಲಿಗೆ ಹೋಗಿ ಅಡುಗೆಮನೆಯ ಕೆಳಗಿನ ಕೆಲಸದಿಂದ ಮೇಲೆ ಬಂದ ರಾಯರು ಮೌಂಟ್ ರೋಡಿನಲ್ಲಿ ಉಡುಪಿ ಶ್ರೀ ಕೃಷ್ಣ ವಿಲಾಸ ನಡೆಸಿದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ಬಂಗಲೆಯನ್ನು ಗುತ್ತಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. ಮುಂದೆ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು, 1962ರಲ್ಲಿ ಕೆಥೀಡ್ರಲ್ ರೋಡಿನ ತೋಟದೊಳಗೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಬಂತು. ಕೆ. ಸೀತಾರಾಮ ರಾಯರ ದಾಸಪ್ರಕಾಶ ಎಗ್ಮೋರಿನ ಕಡೆ ಇನ್ನೊಂದು ದೊಡ್ಡ ಮನೆತನವಾಗಿ ಬೆಳೆಯಿತು. ಕನ್ನಡ ಸಿನಿಮಾ ಬಹುಕಾಲ ತಯಾರಾದದ್ದೂ ಇದೇ ಊರಿನ ಸ್ಟುಡಿಯೋಗಳಲ್ಲಿ. ಶಿವರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ ಇಬ್ಬರೂ ಹುಟ್ಟಿದ್ದು ಮದರಾಸಿನಲ್ಲಿ. ರಾಜ್‌ಕುಮಾರರ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಕೊನೆಗಾಲದ ತನಕ ಅದೇ ಊರಲ್ಲಿದ್ದರು. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಡ್ರೈವ್-ಇನ್ನಿನ ಮೇಜಿನಲ್ಲಿ ಕೂತು ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದ ಅವರನ್ನು ಕಾಣದವರು ಆ ಹೋಟೆಲಿನ ಗಿರಾಕಿಗಳಲ್ಲಿ ಕಡಿಮೆ. ಕಾಕಿನಾಡದಲ್ಲಿ ಹುಟ್ಟಿದ ತೆಲುಗರಾದ ಈ ಕನ್ನಡದ ಗಾಯಕರು, ತಮಿಳು ರಾಜಧಾನಿ, ತುಳುನಾಡಿನವರ ಕಾಫಿ: ಹೋಟೆಲು ಎಂಥ ಸಂಧಿಸ್ಥಳವಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೋಟೆಲಿನ ಸಾಧನೆ ಇರುವುದು ಇಲ್ಲಿಯೇ. ಮಠದ, ದೇವಸ್ಥಾನದ ಅಡುಗೆಯಲ್ಲಿ ಪಳಗಿದ ಕೈಗಳಿಗೆ ದೊಡ್ಡ ಕೊಪ್ಪರಿಗೆಯ ಲೆಕ್ಕ ಗೊತ್ತಿತ್ತು. ಆ ಲೆಕ್ಕವನ್ನು ಪೇಟೆಗೆ ತಂದು, ಯಾವ ಹೊತ್ತಿಗೆ ಯಾರು ಬಂದರೂ ಒಂದೇ ರುಚಿ, ಒಂದೇ ಅಳತೆ, ಶುಚಿಯಾದ ಮೇಜು, ಕೈಗೆಟಕುವ ಬೆಲೆ ಎಂದು ಅವರು ನಿಲ್ಲಿಸಿದರು. ಗುರುತು ಪರಿಚಯವಿಲ್ಲದವರು ಒಂದೇ ಸೂರಿನಡಿ ಕೂತು ಉಣ್ಣುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅದು ತಾನಾಗಿ ಆದದ್ದೂ ಅಲ್ಲ. ಮದರಾಸಿನ ಹೋಟೆಲುಗಳ ಬೋರ್ಡಿನಲ್ಲಿ ಬ್ರಾಹ್ಮಣರ ಹೋಟೆಲು ಎಂದು ಬರೆಸುತ್ತಿದ್ದ ಕಾಲವಿತ್ತು; 1957ರಲ್ಲಿ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಮುಂದೆ ಪೆರಿಯಾರ್ ಕಡೆಯವರು ದಿನದಿನವೂ ಪ್ರತಿಭಟನೆ ಮಾಡಿ ಆ ಪದವನ್ನು ಅಳಿಸಿಸಿದರು. ಮನೆಯ ಒಲೆಯಿಂದ, ಮಠದ ಪಂಕ್ತಿಯಿಂದ ಹೊರಗೆ ಬಂದ ಅಡುಗೆ ಎಲ್ಲರದ್ದಾಗಲೇಬೇಕಿತ್ತು, ಆಯಿತು. 1981ರಲ್ಲಿ ಕೆ.ಕೆ. ನಗರದಲ್ಲಿ ಶುರುವಾದ ಶರವಣ ಭವನ ಇದೇ ಇಡ್ಲಿ, ಇದೇ ದೋಸೆ, ಇದೇ ಶುಚಿಯನ್ನು ಹಿಡಿದು ಲೋಕಕ್ಕೆಲ್ಲ ಹಬ್ಬಿತು. ಅದರ ಯಜಮಾನರಿಗೂ ಉಡುಪಿಗೂ ಸಂಬಂಧವಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. 2008ರಲ್ಲಿ ಡ್ರೈವ್-ಇನ್ ಮುಚ್ಚಿತು, ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಬಂತು. ಆ ಕಟ್ಟೆಯ ಹರಟೆ ಹೋಯಿತೆಂದು ಊರು ಮರುಗಿತು, ನಿಜ. ಆದರೆ ಚೆನ್ನೈಯಲ್ಲಿ ಯಾರಿಗೂ ದೋಸೆಗೆ ಬರ ಬರಲಿಲ್ಲ. ತಿನಿಸು ಊರಿನದ್ದಾಗಿಬಿಟ್ಟಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ: ಹಾಗಾದರೆ ಉಡುಪಿ ಹೋಟೆಲು ನಮ್ಮ ಹೆಮ್ಮೆಯಲ್ಲವೆ? ಮದರಾಸಿಗೆ ನಾವು ಕೊಟ್ಟ ಕೊಡುಗೆಯನ್ನು ಯಾಕೆ ಬಿಟ್ಟುಕೊಡಬೇಕು? ಬಿಟ್ಟುಕೊಡಬೇಕೆಂದು ನಾನೂ ಹೇಳುತ್ತಿಲ್ಲ. ಹೆಮ್ಮೆ ಪಡಬೇಕಾದ್ದು ಆ ದುಡಿಮೆಯ ಬಗ್ಗೆ, ಆ ಶಿಸ್ತಿನ ಬಗ್ಗೆ. ತಿನಿಸಿನ ಒಡೆತನ ಬೇರೆ ಮಾತು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆಂದು ನಾವು ಸಂಭ್ರಮಿಸುತ್ತೇವೆ. ಸಂಭ್ರಮಿಸೋಣ. ಆದರೆ ಇವತ್ತಿನ ಮೈಲಾಪುರದ ಇಡ್ಲಿ ನಮ್ಮದು ಎನ್ನಲು ಆ ಸಾಕ್ಷಿ ಸಾಲದು, ಎನ್ನುವ ಅಗತ್ಯವೂ ಇಲ್ಲ. ಹೋಟೆಲಿನ ಬೋರ್ಡಿಗೆ ಊರಿನ ಹೆಸರನ್ನು ಅಂಟಿಸಿ ಅಷ್ಟಕ್ಕೇ ನಾವು ಎಂದುಕೊಂಡರೆ ಏನಾಗುತ್ತದೆಂದು 2016ರ ಸೆಪ್ಟೆಂಬರ್ 12 ತೋರಿಸಿತು. ಕಾವೇರಿಯ ಗಲಾಟೆಯಲ್ಲಿ ಅಂದು ನಸುಕಿಗೆ ಕೆಲವರು ನ್ಯೂ ವುಡ್‌ಲ್ಯಾಂಡ್ಸಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಅದೇ ದಿನ ಬೆಂಗಳೂರಿನಲ್ಲಿ ಒಂದು ಡಿಪೋದಲ್ಲಿ ನಿಂತಿದ್ದ ತಮಿಳುನಾಡಿನ ಬಸ್ಸುಗಳನ್ನು ಸಾಲಾಗಿ ಸುಟ್ಟರು. ದಶಕಗಳ ಕಾಲ ಊರಿಗೆ ಅನ್ನ ಹಾಕಿದ ಹೋಟೆಲು ಒಂದು ಬೆಳಗಿಗೆ ಹೊರಗಿನದ್ದಾಗಿ ಕಂಡಿತು. ಅದೇ ಬೆಳಗ್ಗೆ ಪಕ್ಕದ ಬೀದಿಗಳ ಕನ್ನಡ ಮನೆಗಳಲ್ಲಿ ಎಂದಿನಂತೆ ಸಾರು ಕುದಿದಿರುತ್ತದೆ. ಬೋರ್ಡಿಲ್ಲದ ಆ ಒಲೆಯನ್ನು ಕನ್ನಡದ ಒಲೆ ಎನ್ನಲು ಏನು ಕಾರಣ ಎಂಬುದೇ ನನಗೆ ಮುಖ್ಯ.

ಅಮೆರಿಕದಲ್ಲಿ ನೆಲೆಸಿದ ಬಂಗಾಳಿ ಮನೆಗಳ ಊಟವನ್ನು ಅಭ್ಯಾಸ ಮಾಡಿ ಕೃಷ್ಣೇಂದು ರೇ 2004ರಲ್ಲಿ ಒಂದು ಪುಸ್ತಕ ತಂದರು. ಅವರು ಕಂಡ ಸಂಗತಿ ಸ್ವಾರಸ್ಯದ್ದು: ಬೆಳಗಿನ ತಿಂಡಿ ಬೇಗ ಅಮೆರಿಕದ್ದಾಗುತ್ತದೆ, ರಾತ್ರಿಯ ಅನ್ನ ಮತ್ತು ಮೀನು ಬಂಗಾಳದ್ದಾಗಿಯೇ ಉಳಿಯುತ್ತದೆ. ಮನೆ ಇಡೀ ಅಡುಗೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ದಿನದ ಒಂದು ಹೊತ್ತನ್ನು ಆರಿಸಿಕೊಂಡು ಅಲ್ಲಿ ನೆಲೆಯೂರುತ್ತದೆ. ಚೆನ್ನೈಯ ಕನ್ನಡ ಮನೆಗೆ ಬೆಳಗಿನ ತಿಂಡಿಯಲ್ಲಿ ಬದಲಾಯಿಸಿಕೊಳ್ಳಬೇಕಾದ್ದೇ ಕಡಿಮೆ, ಅದು ಎರಡೂ ಕಡೆಗೆ ಸೇರಿದ ಹೊತ್ತು. ವ್ಯತ್ಯಾಸ ತೋರುವುದು ಅನ್ನ ಬಡಿಸಿದ ಮೇಲೆ. ಹಳೇ ಮೈಸೂರು ಮತ್ತು ಉಡುಪಿ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲು ಸಾರು, ಆಮೇಲೆ ಹುಳಿ, ಕೊನೆಗೆ ಮಜ್ಜಿಗೆ ಅಥವಾ ಮೊಸರು. ತಮಿಳು ಮನೆಯಲ್ಲಿ ಮೊದಲು ಸಾಂಬಾರು, ಅದರ ಮೇಲೆ ರಸಂ, ಕೊನೆಗೆ ಮೊಸರು. ಪದಾರ್ಥ ಹೆಚ್ಚು ಕಡಿಮೆ ಅವೇ, ಸರದಿ ಬೇರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕಿಷ್ಟು ಮಹತ್ವ ಎಂದರೆ, ಸರದಿ ಬದಲಾದರೆ ಪದಾರ್ಥವೂ ಬದಲಾಗುತ್ತದೆ. ಹಸಿದ ಹೊಟ್ಟೆಗೆ ಮೊದಲು ಬೀಳುವ ಸಾರಿನಲ್ಲಿ ಬೇಳೆಯ ತಿರುಳು ಸ್ವಲ್ಪ ಇರಬೇಕು, ಬೆಲ್ಲದ ಒಂದು ಚೂರು ಹುಳಿಯನ್ನು ತಗ್ಗಿಸಬೇಕು, ತುಪ್ಪ ಮೇಲೆ ಬೀಳಬೇಕು. ಮಂದವಾದ ಸಾಂಬಾರು ಉಂಡ ಮೇಲೆ ಬರುವ ರಸಂಗೆ ಆ ಕೆಲಸವಿಲ್ಲ. ಅದು ತೆಳ್ಳಗೆ, ಚುರುಕಾಗಿ, ಮೆಣಸು ಜೀರಿಗೆಯ ಖಾರದಲ್ಲಿ ನಾಲಗೆಯನ್ನು ತೊಳೆಯಬೇಕು. ಎರಡೂ ತಮ್ಮ ಜಾಗದಲ್ಲಿ ಸರಿ. ಚೆನ್ನೈಯ ಹೋಟೆಲಿನಲ್ಲಿ ಮೀಲ್ಸ್ ಉಣ್ಣುವ ಕನ್ನಡಿಗ ಸಾಂಬಾರನ್ನು ಕೊನೆಗೆ ಇಟ್ಟುಕೊಂಡು ರಸಂನಿಂದ ಶುರು ಮಾಡಿದರೆ ಊಟ ಕೂಡಿ ಬರುವುದಿಲ್ಲ, ಯಾಕೆಂದರೆ ಆ ರಸಂ ಮೊದಲಿಗೆಂದು ಮಾಡಿದ್ದಲ್ಲ. ಉಡುಪಿಯ ಹೆಸರಿನ ಹೋಟೆಲುಗಳೂ ಆ ಊರಿನ ಸರದಿಗೆ ಒಗ್ಗಿಕೊಂಡವು. ವ್ಯಾಪಾರಕ್ಕೆ ಅದು ಸರಿಯಾದ ದಾರಿ. ಎಲ್ಲ ಇದ್ದೂ ಉಂಡ ಹಾಗಾಗದಿರುವುದಕ್ಕೆ ಕಾರಣವೂ ಅಲ್ಲಿಯೇ ಇದೆ.

ಇನ್ನು ಒಲೆಯ ಹತ್ತಿರವೇ ಹೋಗಿ ಒಂದು ಹುಳಿಯನ್ನು ನೋಡೋಣ. ಕರಾವಳಿಯ ಮನೆಯಲ್ಲಾದರೆ ಕೊತ್ತಂಬರಿ ಬೀಜ, ಉದ್ದಿನಬೇಳೆ, ನಾಲ್ಕು ಕಾಳು ಮೆಂತೆ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿಯನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಹಸಿ ತೆಂಗಿನಕಾಯಿಯ ಜತೆ ಆಗಲೇ ರುಬ್ಬುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಆ ಮೆಣಸಿನಕಾಯಿ ಸುಕ್ಕುಸುಕ್ಕಾಗಿ ಉದ್ದಕ್ಕಿರುತ್ತದೆ, ಬಣ್ಣ ಹೆಚ್ಚು, ಖಾರ ಕಡಿಮೆ. ಆರೆಂಟು ಹಾಕಿದರೂ ತಡೆಯುತ್ತದೆ, ಹುಳಿಗೆ ಕೆಂಪು ಬರುತ್ತದೆ. ಚೆನ್ನೈಯ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಗುಂಡು ಮೆಣಸಿನಕಾಯಿಯೋ ಗುಂಟೂರಿನ ಕಡೆಯ ಮೆಣಸಿನಕಾಯಿಯೋ ಅಷ್ಟೇ ಎಣಿಕೆಗೆ ಹಾಕಿದರೆ ಉಣ್ಣುವಂತಿರುವುದಿಲ್ಲ. ಎರಡು ಮೂರಕ್ಕೆ ಇಳಿಸಿದರೆ ಖಾರ ಸರಿಹೋಗಿ ಬಣ್ಣ ಬಿಳಿಚಿಕೊಳ್ಳುತ್ತದೆ. ಬೇಳೆಯ ಕತೆಯೂ ಹಾಗೆಯೇ. ಊರಿನ ಬಾವಿಯ ಮೆದು ನೀರಿನಲ್ಲಿ ಬೆಣ್ಣೆಯಂತೆ ಬೇಯುವ ತೊಗರಿಬೇಳೆ ಚೆನ್ನೈಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಎಷ್ಟು ಹೊತ್ತಾದರೂ ಕಾಳು ಕಾಳಾಗಿ ನಿಲ್ಲುತ್ತದೆ. ನೀರಿನ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಹಾಗಾಗಿ ಸ್ನಾನಕ್ಕೆ ಒಂದು ನೀರು, ಅಡುಗೆಗೆ 20 ಲೀಟರಿನ ಕ್ಯಾನಿನ ನೀರು. 2019ರ ಬೇಸಿಗೆಯಲ್ಲಿ ಊರಿಗೆ ನೀರುಣಿಸುವ ಕೆರೆಗಳೆಲ್ಲ ಬತ್ತಿ, ಕೊಡ ಹಿಡಿದು ಲಾರಿಗೆ ಕಾದ ದಿನಗಳಲ್ಲಿ ಬೇಳೆ ಬೇಯಿಸುವುದಕ್ಕೂ ಲೆಕ್ಕ ಹಾಕಬೇಕಾಗಿ ಬಂತು. ಇವೆಲ್ಲ ಸೇರಿ ಹುಳಿಯ ರುಚಿ ಊರಿನದ್ದಾಗಿ ಉಳಿಯುವುದಿಲ್ಲ. ಒಂದು ತಲೆಮಾರು ಕಳೆಯುವುದರೊಳಗೆ ತೆಂಗಿನೆಣ್ಣೆ ಹೋಗಿ ಎಳ್ಳೆಣ್ಣೆ ಬಂದಿರುತ್ತದೆ, ದಿನಾ ರುಬ್ಬುವುದು ಹೋಗಿ ಗಿರಣಿಯಲ್ಲಿ ಬೀಸಿಸಿಟ್ಟ ಪುಡಿ ಬಂದಿರುತ್ತದೆ. ಸಾಮಾನು, ನೀರು, ಎಣ್ಣೆ ಮೂರೂ ಬದಲಾದ ಆ ಹುಳಿ ಎಲೆಯ ಮೇಲೆ ಸಾರಿನ ನಂತರವೇ ಬೀಳುತ್ತದೆ, ಬೆಲ್ಲದ ಚೂರು ಬಿಡುವುದಿಲ್ಲ, ಪಕ್ಕದಲ್ಲಿ ಕೋಸಂಬರಿ ಇರುತ್ತದೆ. ಉಳಿದದ್ದು ಯಾವುದು, ಹೋದದ್ದು ಯಾವುದು ಎಂದು ನೋಡಿದರೆ ವಾದ ಸ್ಪಷ್ಟವಾಗುತ್ತದೆ.

ಹವೆಯ ವಿಷಯಕ್ಕೆ ಬಂದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ. ಚೆನ್ನೈಯಲ್ಲಿ ಅದರ ಮೂರನೆಯ ಒಂದು ಪಾಲು, ಅದೂ ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ, ಈಶಾನ್ಯ ಮಾರುತದಲ್ಲಿ. ತುಳುನಾಡಿನ ಆಟಿ ತಿಂಗಳೂ ತಮಿಳರ ಆಡಿ ತಿಂಗಳೂ ಒಂದೇ ಕಾಲಕ್ಕೆ ಬರುತ್ತವೆ. ಇಲ್ಲಿ ಹೊರಗೆ ಕಾಲಿಡಲಾಗದ ಮಳೆ. ಕೆಸುವಿನೆಲೆಯ ಪತ್ರೊಡೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ, ಕಣಿಲೆಯಲ್ಲಿ ದಿನ ತಳ್ಳುವ ಕಾಲ. ಅಲ್ಲಿ ಅದೇ ತಿಂಗಳು ಬಿಸಿಲು ಇನ್ನೂ ಇಳಿಯದ ಹೊತ್ತು. ಅಮ್ಮನ ಗುಡಿಗಳಲ್ಲಿ ರಾಗಿಯ ಕೂಳು ಕಾಯಿಸಿ ಬಂದವರಿಗೆಲ್ಲ ಹೊಯ್ಯುತ್ತಾರೆ. ಹಳೇ ಮೈಸೂರಿನ ಕಡೆಯವರಿಗೆ ಆ ಕೂಳು ಅಂಬಲಿಯ ತಂಗಿ. ಹಿಟ್ಟಿನ ಪಾತ್ರೆಯಂತೂ ದಿನಚರಿಯನ್ನೇ ಬದಲಿಸುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾದರೂ ಹುಳಿ ಬರದೆ ಕಂಬಳಿ ಹೊದಿಸಿ ಇಡಬೇಕಾಗುತ್ತದೆ. ಚೆನ್ನೈಯ ಮೇ ತಿಂಗಳಲ್ಲಿ ಐದಾರು ಗಂಟೆಗೆ ಉಕ್ಕಿ ಚೆಲ್ಲುತ್ತದೆ. ರುಬ್ಬುವ ಹೊತ್ತು, ಉಪ್ಪು ಹಾಕುವ ಹೊತ್ತು, ಫ್ರಿಜ್ಜಿಗೆ ಸೇರಿಸುವ ಹೊತ್ತು ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಹೀಗೆ ಕಲಿಯುವವರು ಊರಿನ ಕ್ರಮವನ್ನು ಬಿಟ್ಟರೇ? ನನಗೆ ಹಾಗೆ ಕಾಣುವುದಿಲ್ಲ. ಮಳೆಗೆ ಬೆಚ್ಚಗಿನದು, ಬಿಸಿಲಿಗೆ ತಂಪು ಎಂಬುದು ಕ್ರಮ. ಜುಲೈಯಲ್ಲಿ ಮಾಡುತ್ತಿದ್ದ ಕಾಳುಮೆಣಸಿನ ಸಾರು, ಹುರುಳಿ ಸಾರು ನವೆಂಬರಿಗೆ ಸರಿದರೆ ಕ್ಯಾಲೆಂಡರ್ ಬದಲಾಯಿತು, ಬುದ್ಧಿ ಅದೇ. ಊರಿನಲ್ಲಿ ಆಟಿಯಲ್ಲಿ ತಿನ್ನುತ್ತಿದ್ದರು ಎಂದು ಚೆನ್ನೈಯ ಧಗೆಯಲ್ಲಿ ಅದನ್ನೇ ಹಟ ಹಿಡಿದು ಮಾಡುವವರು ತಿನಿಸನ್ನು ಉಳಿಸಿಕೊಂಡು ಕ್ರಮವನ್ನು ಕಳೆದುಕೊಂಡವರು.

ಈ ದೃಷ್ಟಿಯಿಂದ ತಂಬುಳಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಮಲೆನಾಡು, ಕರಾವಳಿಯ ಈ ತಣ್ಣನೆಯ ಪದಾರ್ಥ ಹೋಟೆಲಿನ ಪಟ್ಟಿಯಲ್ಲಿ ಅಪರೂಪ. ಅದನ್ನು ಹೊತ್ತು ಯಾರೂ ಊರೂರಿಗೆ ಹೋಗಲಿಲ್ಲ. ಒಂದು ಹಿಡಿ ಸೊಪ್ಪು, ಚಿಟಿಕೆ ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿಯ ಜತೆ ರುಬ್ಬಿ, ಮಜ್ಜಿಗೆಗೆ ಕಲಸಿದರೆ ಆಯಿತು. ಇದಕ್ಕೆ ಬೇಕಾದ ಒಂದೆಲಗ ಚೆನ್ನೈಯ ಕೀರೆ ಮಾರುವವರ ಬುಟ್ಟಿಯಲ್ಲಿ ವಲ್ಲಾರೈ ಎಂಬ ಹೆಸರಿನಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ದೊಡ್ಡಪತ್ರೆ ಬಾಲ್ಕನಿಯ ಕುಂಡದಲ್ಲಿ ಬೇಡವೆಂದರೂ ಹಬ್ಬುತ್ತದೆ. ಗಣಿಕೆ ಸೊಪ್ಪು, ಹೊನಗೊನೆ, ನುಗ್ಗೆ ಸೊಪ್ಪಿಗೆ ಕೊರತೆಯೇ ಇಲ್ಲ. ಸೊಪ್ಪಿನ ವಿಷಯದಲ್ಲಿ ತಮಿಳು ಬೀದಿ ಬಹಳ ಸಿರಿವಂತ. ಹತ್ತು ಬಗೆ ಸೊಪ್ಪನ್ನು ಬೆಳಗ್ಗೆ ಮನೆಬಾಗಿಲಿಗೆ ತರುವ ಆ ಪದ್ಧತಿಯ ಮುಂದೆ ಬೆಂಗಳೂರಿನ ಎಷ್ಟೋ ಬಡಾವಣೆಗಳು ಬಡವಾಗಿ ಕಾಣುತ್ತವೆ. ಅಲ್ಲಿನ ಸೆಕೆಗೆ ಮಧ್ಯಾಹ್ನ ಒಂದು ತಂಪು ಬೇಕೇ ಬೇಕು. ಹಾಗಾಗಿ ಊರಿನಲ್ಲಿ ತಂಬುಳಿ ಮಾಡುವುದನ್ನು ಬಿಟ್ಟಿದ್ದವರೂ ಚೆನ್ನೈಯಲ್ಲಿ ಮತ್ತೆ ಹಿಡಿಯಲು ಕಾರಣವಿದೆ. ಅಲ್ಲಿನ ಸೊಪ್ಪು, ಅಲ್ಲಿನ ಬಿಸಿಲು, ಇಲ್ಲಿನ ತಿಳಿವಳಿಕೆ ಸೇರಿದ ಅಡುಗೆ ಅದು. ಊರನ್ನು ನೆನೆದು ಕೊರಗುವ ಅಡುಗೆಯಲ್ಲ.

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಈಗ ಬೇಡಿದ್ದು ಬಾಗಿಲಿಗೆ ಬರುತ್ತದೆ. 2022ರಿಂದ ಮೈಸೂರು ಚೆನ್ನೈ ನಡುವೆ ವಂದೇ ಭಾರತ್ ಓಡುತ್ತಿದೆ, ಬೆಂಗಳೂರು ನಾಲ್ಕೂವರೆ ಗಂಟೆಯ ದಾರಿ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ತಾಯಿಮನೆ. ಹೀಗಿರುವಾಗ ಪರಊರು ಎನ್ನುವ ಮಾತಿಗೇ ಅರ್ಥವೇನು? ಸಾಮಾನು ಹತ್ತಿರವಾಗಿದೆ ಎನ್ನುವುದು ನಿಜ. ಆದರೆ ತರಿಸಿದ ಸಾಮಾನು ಏನಾಗುತ್ತದೆ ಎಂದು ನೋಡಿ. ಮಟ್ಟುಗುಳ್ಳ ಬದನೆ ಬಂದ ದಿನ ಒಂದು ಹಬ್ಬ, ಕೋರಿ ರೊಟ್ಟಿಯ ಪ್ಯಾಕೆಟ್ ಒಡೆದ ಭಾನುವಾರ ಇನ್ನೊಂದು ಹಬ್ಬ. ಸೋಮವಾರದಿಂದ ಶನಿವಾರದ ತನಕ ಮನೆ ಉಣ್ಣುವುದು ಬೀದಿಯಲ್ಲಿ ಸಿಗುವುದನ್ನೇ. ತರಿಸಿಕೊಂಡ ವಸ್ತು ವಾರಕ್ಕೊಮ್ಮೆಯ ಊರನ್ನು ಕೊಡುತ್ತದೆ. ಉಳಿದ ಆರು ದಿನಗಳಲ್ಲಿ ಊರು ಉಳಿಯುವುದಾದರೆ ಅದು ಉಣ್ಣುವ ಬಗೆಯಲ್ಲಿ ಉಳಿಯಬೇಕು. ಅಡುಗೆ ಪುಸ್ತಕಗಳ ಮಿತಿಯೂ ಇದೇ. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ಸಮೈತ್ತು ಪಾರ್ ಎಂಬ ಪುಸ್ತಕ ತಂದರು. ತಾಯಿಮನೆಯಿಂದ ದೂರ ಹೋದ ಎಷ್ಟೋ ತಮಿಳು ಹುಡುಗಿಯರಿಗೆ ಅದು ಕೈಹಿಡಿದು ಕಲಿಸಿದೆ. ಆದರೆ ಇವತ್ತು ಮಗುವಿಗೆ ಜ್ವರ, ಯಜಮಾನರಿಗೆ ಏಕಾದಶಿ, ಮನೆಯಲ್ಲಿ ಅರ್ಧ ಸೋರೆಕಾಯಿ ಮಾತ್ರ ಇದೆ ಎಂದಾಗ ಏನು ಮಾಡಬೇಕೆಂಬ ತೀರ್ಮಾನ ಎಂಥ ಒಳ್ಳೆಯ ಪುಸ್ತಕದಿಂದಲೂ ಬರುವುದಿಲ್ಲ. ಅದು ದಿನಾ ನೋಡಿ ಬರುವಂಥದ್ದು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಯಾವ ಕನ್ನಡ ಕ್ರಮದ ಮಾತು ಇದು? ಸಾರು, ಹುಳಿ, ಮಜ್ಜಿಗೆ ಎಂದರೆ ಒಂದು ವರ್ಗದ ಸಸ್ಯಾಹಾರಿಗಳ ಊಟ ಮಾತ್ರವಲ್ಲವೆ? ನಿಜ, ಮತ್ತು ಉಡುಪಿ ಹೋಟೆಲಿನ ಖ್ಯಾತಿಯೇ ಈ ಮರೆಗೆ ಒಂದು ಕಾರಣ. ಉಡುಪಿ ಎಂದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಎಂದು ಲೋಕ ನಂಬಿತು. ಅದೇ ಜಿಲ್ಲೆಯ ಬಹುಜನರ ನಿತ್ಯದ ಊಟವಾದ ಕುಚ್ಚಲಕ್ಕಿ ಗಂಜಿ ಮತ್ತು ಮೀನಿನ ಪದಾರ್ಥ ಬೋರ್ಡಿನ ಮೇಲೆ ಬಹಳ ಕಾಲ ಕಾಣಲೇ ಇಲ್ಲ. ಚೆನ್ನೈಯ ಕಾಸಿಮೇಡು ಬಂದರಿನಲ್ಲಿ ಬಂಗುಡೆಯೂ ಅಂಜಲೂ ಸಿಗುತ್ತವೆ, ಹೆಸರು ಬೇರೆ ಅಷ್ಟೇ. ತುಳುನಾಡಿನ ಮನೆಯಲ್ಲಿ ಅದಕ್ಕೆ ಕಾಯಿ ನುಣ್ಣಗೆ ರುಬ್ಬಿ ಹಾಕುತ್ತಾರೆ. ಚೆನ್ನೈಯ ಮೀನಿನ ಕುಳಂಬಿನಲ್ಲಿ ಹುಣಸೆ, ಟೊಮೆಟೊ ಮೇಲುಗೈ. ಬಂಗುಡೆಯ ಗಸಿಯನ್ನು ರಾತ್ರಿ ಮಾಡಿ ಮಾರನೆಯ ಬೆಳಗ್ಗೆ ನೀರ್ದೋಸೆಗೆ ಇಡುವ ಮನೆಯ ಕ್ರಮ ಸಾರು, ಹುಳಿಯ ಕ್ರಮಕ್ಕಿಂತ ಯಾವುದರಲ್ಲೂ ಕಡಿಮೆಯದಲ್ಲ. ಧಾರವಾಡದ ಕಡೆಯವರಿಗೆ ರೊಟ್ಟಿ ಮೊದಲು, ಅನ್ನ ಕೊನೆಗೆ; ಮಂಡ್ಯದವರಿಗೆ ಮುದ್ದೆ ಮುರಿದ ಮೇಲೆಯೇ ಅನ್ನ. ಒಂದೇ ಕನ್ನಡ ಕ್ರಮ ಎಂಬುದು ಇಲ್ಲ, ನಾನು ಅದನ್ನು ಹುಡುಕುತ್ತಲೂ ಇಲ್ಲ. ಪ್ರತಿ ಮನೆಗೂ ತನ್ನದೊಂದು ಇದೆ ಎನ್ನುವುದೇ ವಾದದ ಬಲ. 2011ರ ಜನಗಣತಿಯಲ್ಲಿ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕಿ. ಅವರಲ್ಲಿ ಕೊಯಮತ್ತೂರು, ಈರೋಡು, ಕೃಷ್ಣಗಿರಿ, ತೇನಿಯ ಕಡೆ ತಲೆತಲಾಂತರದಿಂದ ಇರುವ ದೇವಾಂಗರು, ಒಕ್ಕಲಿಗರು ಬಹಳ. ಅವರ ಅಡುಗೆಯನ್ನು ತಮಿಳು ನೆಲದ ಅಡುಗೆಯಿಂದ ಬೇರ್ಪಡಿಸಿ ತೋರಿಸುವುದು ಕಷ್ಟ. ಕನ್ನಡದ ತಿನಿಸುಗಳ ಪಟ್ಟಿ ಹಿಡಿದು ಹೋಗಿ ಅವರ ಕನ್ನಡತನವನ್ನು ಅಳೆಯಲು ಹೊರಟರೆ ಅವರಿಗೆ ಅನ್ಯಾಯ ಮಾಡಿದಂತೆ.

ಕೊನೆಯ ಆಕ್ಷೇಪವನ್ನು ನಾನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ದಿನದ ಊಟದ ಕ್ರಮ ಎಂದು ಹೊಗಳುವುದೆಂದರೆ ಆ ಕ್ರಮವನ್ನು ಹೊತ್ತ ಹೆಂಗಸರ ದುಡಿಮೆಯನ್ನು ಹೊಗಳಿ ಅಲ್ಲಿಗೇ ಕೈತೊಳೆದುಕೊಂಡಂತೆ. ಹೋಟೆಲಿನ ಕೃಷ್ಣ ರಾಯರಿಗೆ ಹೆಸರಿದೆ, ವರ್ಷವಿದೆ, ಚರಿತ್ರೆಯಿದೆ. ಮಾಂಬಲದ ಬಾಡಿಗೆ ಮನೆಯಲ್ಲಿ ಉಪ್ಪು ನೀರಿನೊಂದಿಗೆ, ಸೀಮೆಎಣ್ಣೆ ಸ್ಟೋವಿನೊಂದಿಗೆ ಹೆಣಗಿ ನಾಲ್ಕು ದಶಕ ಮೂರು ಹೊತ್ತು ಬೇಯಿಸಿದವರ ಹೆಸರು ಯಾವ ಲೇಖನದಲ್ಲೂ ಬರುವುದಿಲ್ಲ, ಇದರಲ್ಲೂ ಬಂದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಒಬ್ಬರೇ ನಿಲ್ಲಬೇಕಾದ ಕ್ರಮ ಉಳಿಯಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಇದಕ್ಕೆ ಉತ್ತರವಾಗಿ ಹೋಟೆಲಿನಿಂದ ತರಿಸಿದರಾಯಿತು ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. 1920ರ ದಶಕದಲ್ಲಿ ಮದರಾಸಿಗೆ ಬಂದು ಊರಿಗೆಲ್ಲ ಬೇಯಿಸಿ ಹಾಕಿದವರು ಗಂಡಸರು. ಉಡುಪಿಯ ಅಡುಗೆಯನ್ನು ಲೋಕಕ್ಕೆ ಕೊಂಡೊಯ್ದ ಕೈಗಳು ಬಹುಮಟ್ಟಿಗೆ ಗಂಡಸರ ಕೈಗಳೇ. ಸಂಬಳಕ್ಕೆ ಬರುವ ಅಡುಗೆ ಮನೆಯೊಳಗೆ ಕಾಲಿಟ್ಟ ಕೂಡಲೇ ಬಾರದಂತಾಗುವುದು ಕೌಶಲದ ಕೊರತೆಯಿಂದಲ್ಲ.

ಇವತ್ತು ಹಳೆಯ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ, ಶೋಳಿಂಗನಲ್ಲೂರು, ಸಿರುಸೇರಿಯ ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರು ಪಿಜಿಯಿಂದ ಬೇಸತ್ತು ನಾಲ್ಕೈದು ಮಂದಿ ಸೇರಿ ಮನೆ ಹಿಡಿಯುತ್ತಾರೆ. ಅಲ್ಲಿ ಅಜ್ಜಿಯ ಹುಳಿಯ ರುಚಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಶನಿವಾರ ಒಬ್ಬರು ಹಿಟ್ಟು ರುಬ್ಬಿ ಫ್ರಿಜ್ಜಿಗೆ ಸೇರಿಸುವುದು, ಒಬ್ಬರು ಸೊಪ್ಪು ಬಿಡಿಸಿಡುವುದು, ಎಂಟು ಗಂಟೆಗೆ ಕೆಲಸದಿಂದ ಬಂದವರು ಕುಕ್ಕರಿನ ಒಂದು ಬಟ್ಟಲಲ್ಲಿ ಅನ್ನ ಇನ್ನೊಂದರಲ್ಲಿ ಬೇಳೆ ಇಟ್ಟು, ಬೆಂದ ಬೇಳೆಯ ಕಟ್ಟಿನಲ್ಲೇ ಸಾರು ಮಾಡುವುದು, ಆರೋಗ್ಯ ಸರಿಯಿಲ್ಲದವರಿಗೆ ಗಂಜಿ ಬೇರೆ ತೆಗೆದಿಡುವುದು ಅವರ ಕೈಲಾಗುತ್ತದೆ. ಅವರಲ್ಲಿ ಒಬ್ಬ ತಮಿಳು ಗೆಳೆಯ ಇದ್ದರೆ ಅವನ ವತ್ತಕುಳಂಬೂ ವಾರಕ್ಕೊಂದು ಸರದಿ ಪಡೆಯುತ್ತದೆ, ಅಂದು ಸಾರು ಎರಡನೆಯದಾಗುತ್ತದೆ.